ಹೊಗೆ ಇಳಿಯುವ ಕಡೆ

೧೯೫೨ ನವೆಂಬರ್ ೯, ಭಾನುವಾರ. ಯಾದಗಿರಿ

ಕ್ವಾರ್ಟರ್ಸಿಗೆ ಬಂದು ಸೇರಿದೆವು. ಗಾಡಿಯಿಂದ ಸಾಮಾನು ಇಳಿಸಿ ಒಲೆ ಹೂಡುವ ಹೊತ್ತಿಗೆ ಮಧ್ಯಾಹ್ನವಾಗಿತ್ತು. ಎರಡು ಕೋಣೆ, ಅಡುಗೆಮನೆ, ಹಿಂದೆ ಗೋಡೆ ಕಟ್ಟಿದ ಅಂಗಳ. ಗೋಡೆಯ ಆಚೆಗೇ ಬಿಜಲಿ ಮನೆ. ಅಲ್ಲಿ ಕಲ್ಲಿದ್ದಿಲು ಉರಿಸಿ, ನೀರು ಕಾಯಿಸಿ, ಆ ಉಗಿಯಿಂದ ಯಂತ್ರ ತಿರುಗಿಸಿ ಕರೆಂಟು ಮಾಡುತ್ತಾರೆ. ಪಕ್ಕದ ಹತ್ತಿ ಗಿರಣಿಯೂ ಅದೇ ಕಂಪನಿಯದು. ಗಿರಣಿಗೆ ಬೇಕಾದಷ್ಟು ಇಟ್ಟುಕೊಂಡು ಮಿಕ್ಕಿದ್ದನ್ನು ಬಜಾರಿಗೂ ಸ್ಟೇಷನ್ ರಸ್ತೆಗೂ ಕೊಡುತ್ತಾರೆ.

ರಜಾಕಾರರ ಗದ್ದಲದ ವರ್ಷ ಮುದ್ದೇಬಿಹಾಳದ ಕಡೆ ಓಡಿಹೋಗಿ ಯಾರದೋ ಕೊಟ್ಟಿಗೆಯಲ್ಲಿ ಮಲಗಿದ್ದೆವು. ತಿರುಗಿ ಬಂದಮೇಲೆ ಇವರು ಇಲ್ಲಿ ಇದ್ದಿಲು ಎತ್ತುವ ಕೆಲಸಕ್ಕೆ ಸೇರಿದರು. ಈಗ ಬಾಯ್ಲರ್ ಮೇಸ್ತ್ರಿ. ಮೇಸ್ತ್ರಿಯಾದವರು ಕರೆದಾಗ ಕೈಗೆ ಸಿಗಬೇಕೆಂದು ಕಂಪನಿಯವರೇ ಈ ಮನೆ ಕೊಟ್ಟಿದ್ದಾರೆ. ನನಗೂ ಅನುಕೂಲವಾಯಿತು, ನಾನು ಕಲಿಸುವ ಹೆಣ್ಣುಮಕ್ಕಳ ಶಾಲೆ ಎರಡು ಓಣಿ ಆಚೆಗಿದೆ.

ಅತ್ತೆ ಎಲ್ಲ ನೋಡಿ, "ಅಂಗಳದಾಗ ಬಿಸಿಲು ಬರಂಗಿಲ್ಲಲ್ಲ, ಆ ಹೊಗಿ ಅಡ್ಡ ಬರ್ತದ," ಎಂದರು. ಇವರು ನಕ್ಕರು. "ಯವ್ವಾ, ಆ ಹೊಗಿನೇ ನಮ್ಮ ಅನ್ನ." ಸಂಜೆ ದೀಪ ಹತ್ತಿದಾಗ ಮಗಳು ಅಂಬವ್ವ ಕುಣಿದಾಡಿಬಿಟ್ಟಳು. ನಾಲ್ಕು ವರ್ಷದ ಕೂಸಿಗೆ ಗೋಡೆಯ ಗುಂಡಿ ಒತ್ತಿದರೆ ಬೆಳಕು ಬರುವುದಕ್ಕಿಂತ ಬೇರೆ ಆಟವೇನು ಬೇಕು.

೧೯೫೨ ನವೆಂಬರ್ ೨೦, ಗುರುವಾರ

ಒಗೆದು ಹಾಕಿದ ಬಿಳಿ ಸೀರೆ ಒಣಗುವಷ್ಟರಲ್ಲಿ ಕಂದು ಬಣ್ಣಕ್ಕೆ ತಿರುಗುತ್ತದೆ. ಈಗ ಒಳಗಿನ ಕೋಣೆಯಲ್ಲೇ ಹಗ್ಗ ಕಟ್ಟಿದ್ದೇನೆ. ಬೆಳಗಿನ ಜಾವ ಬಾಯ್ಲರಿನ ಕೊಳವೆಗಳೊಳಗೆ ಕೂತ ಮಸಿಯನ್ನು ಉಗಿ ಬಿಟ್ಟು ಊದಿ ತೆಗೆಯುತ್ತಾರೆ. ಆಗ ಚಿಮಣಿಯಿಂದ ಕರಿ ಮೋಡವೇ ಎದ್ದು ಬರುತ್ತದೆ. ಕಬ್ಬಿಣದ ಆ ಚಿಮಣಿ ಗಿರಣಿಯ ಛಾವಣಿಗಿಂತ ತುಸುವೇ ಎತ್ತರ. ಗಾಳಿ ಇಲ್ಲದ ದಿನ ಹೊಗೆ ಮೇಲೆ ಹೋಗುವುದೇ ಇಲ್ಲ; ಗೋಡೆ ಇಳಿದು ಅಂಗಳಕ್ಕೆ ಬಂದು ಕೂಡುತ್ತದೆ.

ಇವರಿಗೆ ಹೇಳಿದೆ. ಎರಡನೇ ಬಾಯ್ಲರೂ ಹೊತ್ತಿಸಿದ್ದಾರಂತೆ, ಬಜಾರಿನ ಹೊಸ ಕನೆಕ್ಷನ್ನುಗಳಿಗೆ. "ಪುಡಿ ಇದ್ದಿಲು ಕಳಸ್ಯಾರ, ಅದು ಹೊಗಿ ಜಾಸ್ತಿ. ಛಲೋ ಮಾಲು ಬರ್ತದ, ಆಗ ಕಮ್ಮಿ ಆಗ್ತದ," ಎಂದರು. ಹಾಗಾದರೆ ಸರಿ. ಸಿಕ್ಕಿದ ಮನೆಯ ಮೇಲೆ ತಕರಾರು ಹೇಳುವುದು ನನಗೂ ಸರಿ ಅನ್ನಿಸುವುದಿಲ್ಲ.

೧೯೫೨ ಡಿಸೆಂಬರ್ ೧, ಸೋಮವಾರ

ಅಂಬವ್ವನಿಗೆ ಕೆಮ್ಮು. ಚಳಿಗೆ ಇರಬೇಕು. ಓಮದ ಕಷಾಯ ಮಾಡಿ ಕುಡಿಸಿದೆ.

೧೯೫೨ ಡಿಸೆಂಬರ್ ೫, ಶುಕ್ರವಾರ

ಕೆಮ್ಮು ನಿಂತಿಲ್ಲ. ಮಲಗಿಸಿದರೆ ಹೆಚ್ಚು. ಎದೆಯಲ್ಲಿ ಬೆಕ್ಕು ಗುರುಗುಟ್ಟಿದ ಹಾಗೆ ಸದ್ದು ಬರುತ್ತದೆ. ನನ್ನ ಹೆಗಲಿಗೆ ಒರಗಿಸಿ ಕೂತರೆ ಸ್ವಲ್ಪ ನಿದ್ದೆ ಮಾಡುತ್ತಾಳೆ. ಗೋಡೆಗೆ ಆತು ಕೂತು ಮಲಗುವುದು ನನಗೂ ರೂಢಿಯಾಗಿದೆ. ಅಡ್ಡಾಗುವುದಕ್ಕಿಂತ ಅದೇ ಹಿತ ಅನ್ನಿಸುತ್ತದೆ.

ಪಕ್ಕದ ಮನೆಯ ರಾಜಾಸಾಬರು ಬೋರೆ ಹಣ್ಣು ತಂದುಕೊಟ್ಟರು. ಬಾಯ್ಲರಿನ ಬಾಯಿಗೆ ಇದ್ದಿಲು ಎಸೆಯುವವರು ಅವರು. ಇವರಿಗೆ ಕೆಲಸ ಕಲಿಸಿದವರೂ ಅವರೇ. ಒಬ್ಬರೇ ಇದ್ದಾರೆ. "ಕೂಸಿಗೆ ಹಣ್ಣು ಕೊಡಬ್ಯಾಡ್ರಿ ಈಗ, ಕೆಮ್ಮು ಹೋದಮ್ಯಾಗ ಕೊಡ್ರಿ," ಎಂದು ಅವರೇ ಹೇಳಿ, ತಾವೇ ಗೋಡೆ ಹಿಡಿದುಕೊಂಡು ಬಹಳ ಹೊತ್ತು ಕೆಮ್ಮಿದರು. ಉಗುಳಿದ್ದು ಕರ್ರಗಿತ್ತು. ಅವರು ಕಾಲಿನಿಂದ ಮಣ್ಣು ಮುಚ್ಚಿದರು. ನಾನು ನೋಡಲಿಲ್ಲವೆಂಬಂತೆ ಒಳಗೆ ಬಂದೆ.

೧೯೫೨ ಡಿಸೆಂಬರ್ ೧೪, ಭಾನುವಾರ

ಕ್ಷಯ ಇರಬಹುದೇ?

ಬರೆಯಲೂ ಹೆದರಿಕೆ. ರಂಗಂಪೇಟೆಯಲ್ಲಿ ನನ್ನ ಚಿಕ್ಕಮ್ಮ ಹೀಗೇ ಕೆಮ್ಮಿ ಕೆಮ್ಮಿ ಹೋದಳು. ಅವಳ ತಟ್ಟೆ, ಚೊಂಬು ಎಲ್ಲ ಬೇರೆ ಇಟ್ಟಿದ್ದರು. ಆ ಮಾತು ಹೊರಗೆ ಬಿದ್ದರೆ ನನ್ನನ್ನು ಶಾಲೆಯಲ್ಲಿ ಇಟ್ಟುಕೊಳ್ಳುತ್ತಾರೆಯೇ? ಇವರಿಗೆ ಹೇಳಿದರೆ ನೆಗಡಿ ಅನ್ನುತ್ತಾರೆ. ದಿನಕ್ಕೆ ಹತ್ತು ಸಲ ಕೂಸಿನ ಹಣೆ ಮುಟ್ಟಿ ನೋಡುತ್ತೇನೆ. ಅವಳಿಗೇ ಬೇಸರ ಬಂದು ಕೈ ತಳ್ಳುತ್ತಾಳೆ.

ಶಾಲೆಯಲ್ಲಿ ಪ್ರಾರ್ಥನೆಯನ್ನು ದೊಡ್ಡ ಹುಡುಗಿಯೊಬ್ಬಳಿಗೆ ವಹಿಸಿದ್ದೇನೆ. ನಿದ್ದೆಗೆಟ್ಟು ನನ್ನ ದನಿ ಏಳುವುದಿಲ್ಲ.

೧೯೫೨ ಡಿಸೆಂಬರ್ ೨೦, ಶನಿವಾರ

ಇವತ್ತು ನಡೆದದ್ದನ್ನು ಬರೆಯದಿದ್ದರೆ ಮನಸ್ಸು ನಿಲ್ಲುವುದಿಲ್ಲ.

ಶಾಲೆಯಿಂದ ಬಂದಾಗ ಮನೆಯಲ್ಲಿ ಸದ್ದಿರಲಿಲ್ಲ. ಅಡುಗೆಮನೆಗೆ ಹೋದರೆ ಅತ್ತೆ ಒಲೆಯ ಮುಂದೆ ಕೂತಿದ್ದರು. ಅಂಬವ್ವ ಅವರ ತೊಡೆಯ ಮೇಲಿದ್ದಳು, ಅಂಗಿ ಬಿಚ್ಚಿತ್ತು. ಕೆಂಡದಲ್ಲಿ ಬಳೆಯ ತುಂಡೊಂದು ಕಾಯುತ್ತಿತ್ತು. ಎದೆಗೆ ಬರೆ ಹಾಕುವುದಕ್ಕೆ.

ಕೂಸನ್ನು ಕಿತ್ತುಕೊಂಡೆ. ಅತ್ತೆ ಎದ್ದು ನಿಂತರು.

"ನಿನ್ನ ಗಂಡಗೂ ಹಾಕೀನಿ. ಅವ ಉಳದಾನಿಲ್ಲ?"

"ಇದಕ್ಕ ಹಾಕೂದು ಬ್ಯಾಡ್ರಿ ಅತ್ತಿ."

"ಮತ್ತೇನ್ ಮಾಡ್ತಿ? ದಿನಾ ಹೆಗಲ ಮ್ಯಾಗ ಹೊತ್ಕೊಂಡು ಕೂಡ್ತಿ. ಕೂಸು ಹೋಗೂತನಕ ಕೂಡ್ತೀಯೇನು?"

ಅಳುತ್ತಲೇ ಕೂಸಿಗೆ ಅಂಗಿ ತೊಡಿಸಿದೆ. ಅತ್ತೆಯೂ ಅಳುತ್ತಿದ್ದರು. ಆಮೇಲೆ ಅವರೇ ಒಲೆಗೆ ನೀರು ಹೊಯ್ದು ಇಕ್ಕಳ ಮೂಲೆಗೆಸೆದರು.

ಇವರು ಬಂದಮೇಲೆ, ಮಂಗಳವಾರ ದವಾಖಾನೆಗೆ ಕರೆದುಕೊಂಡು ಹೋಗುತ್ತೇನೆ ಎಂದೆ. ಕೇಳಲಿಲ್ಲ, ಹೇಳಿದೆ ಅಷ್ಟೇ.

೧೯೫೨ ಡಿಸೆಂಬರ್ ೨೩, ಮಂಗಳವಾರ

ಡಾಕ್ಟರು ಬೀದರ ಕಡೆಯವರು, ಇನ್ನೂ ಚಿಕ್ಕ ವಯಸ್ಸು. ಕೂಸಿನ ಬೆನ್ನಿಗೆ ಕೊಳವೆ ಇಟ್ಟು ಬಹಳ ಹೊತ್ತು ಕೇಳಿದರು. ಆ ಹೊತ್ತೆಲ್ಲ ನಾನು ಅವರ ಮುಖವನ್ನೇ ನೋಡುತ್ತಿದ್ದೆ.

"ಘಾಬರಿ ಆಗಬ್ಯಾಡ್ರಿ ಅಕ್ಕೋರ. ಆದ್ರ ಗುಲ್ಬರ್ಗಾಕ್ಕ ಹೋಗಿ ಎದಿದು ಫೋಟೋ ತೆಗಸ್ಕೊಂಡು ಬರ್ರಿ."

"ಕ್ಷಯ ಏನ್ರಿ?"

"ಫೋಟೋ ನೋಡದ ಹ್ಯಾಂಗ ಹೇಳ್ಲಿ?"

ಘಾಬರಿ ಆಗಬೇಡಿ ಎಂದರೆ ಆಗದೆ ಇರುತ್ತದೆಯೇ? ಇವರು ದಾರಿಯುದ್ದಕ್ಕೂ ಕೂಸನ್ನು ಎತ್ತಿಕೊಂಡು ನಡೆದರು. ಮನೆ ಹತ್ತಿರ ಬಂದಾಗ, "ಯಾರ ಮುಂದೂ ಅನಬ್ಯಾಡ," ಎಂದರು.

೧೯೫೨ ಡಿಸೆಂಬರ್ ೩೦, ಮಂಗಳವಾರ

ಕ್ಷಯ ಅಲ್ಲ.

ನಿನ್ನೆ ಗುಲ್ಬರ್ಗಾದಲ್ಲಿ ತಣ್ಣನೆಯ ಗಾಜಿಗೆ ಎದೆ ತಾಗಿಸಿ ನಿಲ್ಲಿಸಿದಾಗ ಅಂಬವ್ವ ಕಿರುಚಿದ್ದು ಇನ್ನೂ ಕಿವಿಯಲ್ಲಿದೆ. ಇವತ್ತು ನಮ್ಮ ಡಾಕ್ಟರು ಆ ಫೋಟೋವನ್ನು ಕಿಟಕಿಯ ಬೆಳಕಿಗೆ ಹಿಡಿದು ತೋರಿಸಿದರು. ಇಷ್ಟು ಸಣ್ಣ ಪಕ್ಕೆಲುಬುಗಳು. ಕ್ಷಯದ ಕಲೆ ಇಲ್ಲ ಎಂದರು.

ಮತ್ತೇನು ಎಂದು ಇವರು ಕೇಳಿದರು. ಉಸಿರಿನ ಕೊಳವೆಗಳು ಬಾತಿವೆ, ಎಲ್ಲಿರುತ್ತೀರಿ ಎಂದರು ಡಾಕ್ಟರು. ಇವರು ಹೇಳಿದರು. ಡಾಕ್ಟರು ಫೋಟೋ ಕೆಳಗಿಟ್ಟರು. "ಸ್ವಲ್ಪ ದಿನ ಕೂಸಿನ್ನ ಬ್ಯಾರೆ ಊರಾಗ ಇಟ್ಟು ನೋಡ್ರಿ."

೧೯೫೩ ಜನವರಿ ೧೪, ಬುಧವಾರ. ರಂಗಂಪೇಟೆ

ಇಲ್ಲಿಗೆ ಬಂದಮೇಲೆ ಬರೆಯುವುದೇ ಮರೆತಿತ್ತು.

ರಜೆ ಹಾಕಿ ಕೂಸನ್ನು ಕಟ್ಟಿಕೊಂಡು ಮೋಟಾರು ಹತ್ತಿದೆ. ಶಹಾಪುರದ ಗುಡ್ಡ ಕಾಣುವತನಕವೂ ಅವಳು ಕೆಮ್ಮುತ್ತಿದ್ದಳು. ಇಲ್ಲಿ ಅವ್ವನ ಮನೆಯಲ್ಲಿ ಮೊದಲ ಎರಡು ದಿನ ಹಾಗೇ ಇತ್ತು. ಆಮೇಲೆ ಒಂದು ಬೆಳಿಗ್ಗೆ ಎದ್ದಾಗ ಕೂಸು ಪಕ್ಕದಲ್ಲಿ ಇರಲಿಲ್ಲ. ಹೊರಗೆ ಬಂದು ನೋಡಿದರೆ ಕಟ್ಟೆಯ ಮೇಲೆ ಕೂತು ಬಿಸಿ ರೊಟ್ಟಿ ತಿನ್ನುತ್ತಿದ್ದಳು. ಆ ದಿನದಿಂದ ಚಪ್ಪಟೆ ಮಲಗಿ ನಿದ್ದೆ ಮಾಡುತ್ತಾಳೆ.

ಇವತ್ತು ಸಂಕ್ರಾಂತಿ. ಎಳ್ಳು ಹಚ್ಚಿ ಸ್ನಾನ ಮಾಡಿಸಿದೆ. ಸಜ್ಜೆ ರೊಟ್ಟಿ, ಕಾಳು ಪಲ್ಯ. ಸುರಪುರದ ಗುಡ್ಡದ ತನಕ ಹೋಗಿಬಂದೆವು. ಅವಳು ಕಲ್ಲಿನಿಂದ ಕಲ್ಲಿಗೆ ಹಾರುತ್ತಿದ್ದಳು. ನಾನು ಕೆಳಗೇ ಕೂತೆ. ಅವ್ವ, "ನಿನಗೇನಾಗ್ಯದ, ಮುದುಕಿ ಹಂಗ ತೇಕತಿ," ಎಂದಳು. ಇಷ್ಟು ದಿನದ ಆಯಾಸ ಹೊರಗೆ ಬರುತ್ತಿದೆ ಅಷ್ಟೇ.

೧೯೫೩ ಜನವರಿ ೨೨, ಗುರುವಾರ. ಯಾದಗಿರಿ

ಬಂದ ಮೂರನೆಯ ದಿನಕ್ಕೆ ಮತ್ತೆ ಗುರುಗುರು ಶುರುವಾಯಿತು.

ಈಗ ಅನುಮಾನ ಉಳಿದಿಲ್ಲ. ಇವರ ಮುಂದೆ ಕೂತು ಹೇಳಿದೆ. ಅಲ್ಲಿ ಬಿಟ್ಟ ಕೆಮ್ಮು ಇಲ್ಲಿ ಹಿಡಿಯಿತೆಂದರೆ ಅದು ಇಲ್ಲಿಯದೇ.

"ಹಂಗಾದ್ರ ನಾ ಕೂಸಿಗೆ ವಿಷ ಉಣಸಾಕತ್ತೀನಿ ಅಂತಿ."

"ನೀವಂತ ಎಲ್ಲಿ ಅಂದೆ? ಹೊಗಿ ಅಂದೆ."

"ಬಾಯ್ಲರಿಗೆ ಬೆಂಕಿ ಹಚ್ಚಾಂವ ಯಾರು? ಮಸಿ ಊದ್ರಿ ಅಂತ ಹುಕುಂ ಕೊಡಾಂವ ಯಾರು? ನಾನ ಅಲ್ಲೇನು?"

ಬೇರೆ ಮನೆ ಹಿಡಿಯೋಣ ಎಂದರೆ, ಮೇಸ್ತ್ರಿ ಕ್ವಾರ್ಟರ್ಸ್ ಬಿಟ್ಟರೆ ಮೇಸ್ತ್ರಿಗಿರಿಯನ್ನೂ ಬಿಡಬೇಕು ಎಂದರು. ಉಣ್ಣದೆ ಎದ್ದು ಹೋದರು.

೧೯೫೩ ಜನವರಿ ೨೪, ಶನಿವಾರ

ಒಬ್ಬಳೇ ದವಾಖಾನೆಗೆ ಹೋದೆ. ಡಾಕ್ಟರು ಯಾವುದೋ ಪತ್ರಿಕೆ ತೆಗೆದು ಓದಿ ಹೇಳಿದರು. ಹೋದ ತಿಂಗಳು ಲಂಡನ್ನಿನಲ್ಲಿ ಗಾಳಿ ನಿಂತು, ಮಂಜಿನೊಳಗೆ ಇದ್ದಿಲ ಹೊಗೆ ಸಿಕ್ಕಿಬಿದ್ದು, ಸಾವಿರಾರು ಜನ ಸತ್ತರಂತೆ. ಮುದುಕರು, ಎಳೆಯ ಕೂಸುಗಳು ಹೆಚ್ಚು.

ನಮ್ಮಲ್ಲಿ ಅಷ್ಟು ಹೊಗೆ ಎಲ್ಲಿದೆ ಎಂದೆ. ಯಾಕೋ ಕಂಪನಿಯ ಪರ ಮಾತಾಡಿದ ಹಾಗಾಯಿತು.

"ಕಣ್ಣಿಗೆ ಕಾಣೂ ಬೂದಿ ಮೂಗಿನಾಗ, ಗಂಟಲದಾಗ ನಿಲ್ತದ ಅಕ್ಕೋರ. ಕೆಮ್ಮಿ ಉಗುಳಬಹುದು. ಕಾಣಲಾರದ್ದು ಏನದ ಅಲ್ಲ, ಗಾಳಿ ಹಂಗ ಹಗುರ ಇರ್ತದ, ಅದು ಸೀದಾ ಒಳಗ ಹೋಗಿ ಕೂಡ್ತದ. ಅದು ಹೊರಗ ಬರೂದಿಲ್ಲ."

ಮನೆಗೆ ಬಂದು ಕಿಟಕಿಗಳಿಗೆಲ್ಲ ಒದ್ದೆ ಸೀರೆ ಕಟ್ಟಿದೆ. ಕಾಣದಿರುವುದಕ್ಕೆ ಸೀರೆ ಯಾವ ಲೆಕ್ಕ. ಆದರೂ ಕಟ್ಟಿದೆ. ಗಾಳಿ ಒಳಗೆಳೆದುಕೊಳ್ಳುವಾಗಲೆಲ್ಲ ಲಕ್ಷ್ಯ ಅತ್ತಲೇ ಹೋಗುತ್ತದೆ. ಉಸಿರಾಡುವುದು ಇಷ್ಟು ಕೆಲಸವೆಂದು ಮೊದಲು ಗೊತ್ತಿರಲಿಲ್ಲ.

೧೯೫೩ ಜನವರಿ ೨೭, ಮಂಗಳವಾರ

ನಿನ್ನೆ ಬಾವುಟದ ಹಬ್ಬ. ಬಜಾರಿನ ತುಂಬ ದೀಪ. ಆ ದೀಪಗಳಿಗಾಗಿ ಎರಡೂ ಬಾಯ್ಲರು ಜೋರಾಗಿ ಉರಿದವು. ಸಂಜೆ ರಾಜಾಸಾಬರು ಸಲಿಕೆ ಹಿಡಿದುಕೊಂಡೇ ಬಿದ್ದರು. ಇವರೂ ಇನ್ನೊಬ್ಬರೂ ಹೊತ್ತು ತಂದು ಅವರ ಮನೆಯ ಹೊರಸಿನ ಮೇಲೆ ಮಲಗಿಸಿದರು. ಬಾಯಿ ತೆರೆದು ಗಾಳಿ ಎಳೆಯುತ್ತಾರೆ, ಅದು ಒಳಗೆ ಹೋಗುವುದಿಲ್ಲ.

ಅವರ ಮನೆಯ ನೀರು ಮುಟ್ಟದಿದ್ದ ಅತ್ತೆ ಇವತ್ತು ಗಂಜಿ ಕಾಯಿಸಿಕೊಂಡು ಹೋಗಿ ತಾವೇ ಚಮಚದಲ್ಲಿ ಕುಡಿಸಿ ಬಂದರು.

೧೯೫೩ ಫೆಬ್ರುವರಿ ೩, ಮಂಗಳವಾರ

ರಾಜಾಸಾಬರು ಹೋದರು. ಇವರು ಹೆಗಲು ಕೊಟ್ಟು ಬಂದು ಅಂಗಳದಲ್ಲಿ ಕೂತಿದ್ದಾರೆ. ಒಳಗೆ ಕರೆದರೂ ಬರಲಿಲ್ಲ.

೧೯೫೩ ಫೆಬ್ರುವರಿ ೧೧, ಬುಧವಾರ

ಮ್ಯಾನೇಜರರನ್ನು ಕಂಡು ಬಂದೆವು. ನಾನು, ನನ್ನ ಶಾಲೆಯ ಹುಡುಗಿಯರ ತಾಯಂದಿರು ಕೆಲವರು. ಮೊದಲು ತರಗತಿಯಲ್ಲಿ, ಮನೆಯಲ್ಲಿ ಕೆಮ್ಮುವವರು ಇದ್ದರೆ ಕೈ ಎತ್ತಿ ಎಂದಿದ್ದೆ. ಸ್ಟೇಷನ್ ಓಣಿಯ ಮಕ್ಕಳೆಲ್ಲ ಕೈ ಎತ್ತಿದರು. ಆ ಸಂಜೆಯೇ ಮನೆಮನೆಗೆ ಹೋದೆ. ಮೇಸ್ತ್ರಿಯ ಹೆಂಡತಿಯೇ ಬಂದಳೆಂದು ಅವರಿಗೆಲ್ಲ ಆಶ್ಚರ್ಯ.

ಮ್ಯಾನೇಜರರು ಕುರ್ಚಿ ಕೊಟ್ಟರು. ಬಹಳ ಮರ್ಯಾದೆಯಿಂದ ಮಾತಾಡಿದರು. "ಊರಿಗೆ ಬೆಳಕು ಬೇಕು ಅಂತೀರಿ. ಬೆಳಕು ಪುಗಸಟ್ಟೆ ಬರ್ತದೇನು? ಚಳಿ ಹೋದ್ರ ಹೊಗಿನೂ ಹೋಗ್ತದ." ನಾನು ಚಿಮಣಿ ಎತ್ತರಿಸಿ ಎಂದೆ. ಅವರು ನಕ್ಕು, "ಟೀಚರಮ್ಮನವರ, ನಿಮ್ಮ ಯಜಮಾನರಿಗೆ ಮನ್ಯಾಗ ಕೇಳಿದ್ರ ಹೇಳತಿದ್ರು, ಅದು ಎಷ್ಟು ತ್ರಾಸಿನ ಕೆಲಸ ಅಂತ," ಎಂದರು.

ಇವರನ್ನು ಆಮೇಲೆ ಕರೆಸಿದ್ದರಂತೆ. ಏನಂದರೆಂದು ಇವರು ಹೇಳಲಿಲ್ಲ. ಆದರೆ ನನ್ನ ಮೇಲೆ ಸಿಟ್ಟೂ ಮಾಡಲಿಲ್ಲ. ರೊಟ್ಟಿ ಮುರಿಯುತ್ತ, "ರಾಜಾಸಾಬ್ ಚಾಚಾ ನನ್ನ ಕೈ ಹಿಡ್ಕೊಂಡಿದ್ರು. ಮಾತಾಡಲಿಕ್ಕೆ ನೋಡಿದ್ರು. ಉಸುರು ಇರಲಿಲ್ಲ," ಎಂದರು. ಅಷ್ಟೇ.

೧೯೫೩ ಫೆಬ್ರುವರಿ ೨೨, ಭಾನುವಾರ

ಚಿಮಣಿ ಎತ್ತರಿಸುತ್ತಾರಂತೆ.

ನಮ್ಮ ಮಾತಿಗಲ್ಲ. ಗಿರಣಿಯ ಅಂಗಳದಲ್ಲಿ ಹರಡಿದ ಅರಳೆಯ ಮೇಲೆ ಮಸಿ ಬಿದ್ದು, ಮುಂಬಯಿಯ ವ್ಯಾಪಾರಿ ಗಂಟುಗಳನ್ನು ವಾಪಸು ಕಳಿಸಿದನಂತೆ. ವಾರದೊಳಗೆ ಕಬ್ಬಿಣದ ಕೊಳವೆಗಳು ರೈಲಿನಲ್ಲಿ ಬಂದಿಳಿದವು. ತಾಯಂದಿರು ಹೋದಾಗ ಆಗದ ಕೆಲಸ ಅರಳೆಗೆ ಆಯಿತು. ಇವರು ಇದನ್ನು ಹೇಳುವಾಗ ನಗಲು ನೋಡಿದರು, ಆಗಲಿಲ್ಲ. ನಾನಂದೆ, ಯಾವ ನೆಪದಿಂದಲಾದರೂ ಆಗಲಿ, ಆದರೆ ಸಾಕು.

೧೯೫೩ ಮಾರ್ಚ್ ೧೦, ಮಂಗಳವಾರ

ಈಗ ಹೊಗೆ ಎಷ್ಟೋ ಮೇಲೆ ಹೋಗಿ, ಊರು ದಾಟಿ, ಹಳ್ಳದ ಆಚೆಗೆ ಬಾಲ ಚಾಚಿಕೊಂಡು ಹೋಗುತ್ತದೆ. ಅಂಗಳದಲ್ಲಿ ಬಿಸಿಲು. ಅತ್ತೆ ಶಾವಿಗೆ ಒಣಹಾಕಿದ್ದಾರೆ. ಅಂಬವ್ವ ಕೆಮ್ಮಿ ಇವತ್ತಿಗೆ ಎಷ್ಟು ದಿನವಾಯಿತೋ, ಲೆಕ್ಕವೂ ಬಿಟ್ಟಿದ್ದೇನೆ. ಹುಡುಗಿಯರ ತಾಯಂದಿರು ಮನೆಗೆ ಬಂದು ಕುಂಕುಮ ಕೊಟ್ಟು ಹೋದರು.

ನನಗಿನ್ನೂ ಕೂತೇ ನಿದ್ದೆ. ರೂಢಿ ಹೋಗಲು ಸ್ವಲ್ಪ ಕಾಲ ಹಿಡಿಯುತ್ತದೆ.

೧೯೫೩ ಮಾರ್ಚ್ ೨೨, ಭಾನುವಾರ

ಬೆಳಿಗ್ಗೆ ಅಂಗಳದ ಬಾಗಿಲಲ್ಲಿ ಒಬ್ಬ ಕುರುಬ ಬಂದು ನಿಂತಿದ್ದ. ಹೆಗಲ ಮೇಲೆ ಕಂಬಳಿ. ಹೆಸರು ಅಮೋಘಸಿದ್ದ. ಹಳ್ಳದಾಚೆಯ ದೊಡ್ಡಿಯವನು. ಕುರಿ ಕಾಯ್ದು, ಒಂದಿಷ್ಟು ಜೋಳ ಬೆಳೆದುಕೊಂಡು ಇರುವ ಹತ್ತಾರು ಮನೆಗಳು ಅಲ್ಲಿವೆ.

"ಗುಲ್ಬರ್ಗಾದಾಗ ಎದಿ ಫೋಟೋ ತೆಗಿಸಿದ ಅಕ್ಕೋರು ನೀವೇ ಏನ್ರಿ?"

ಹೌದೆಂದೆ.

"ನನ್ನ ಮಗಳು ಭೀಮವ್ವ ಅಂತ, ಮಲಗಂಗಿಲ್ಲರಿ. ಕುಂತ ಕುಂತ ಕೆಮ್ಮತದ. ಹೋದ ತಿಂಗಳ ಛಲೋ ಇತ್ತು. ಕುರಿ ತುಪ್ಪಳಾನೂ ಕರ್ರಗಾಗ್ಯದ. ದೊಡ್ಡಿಗೆ ಯಾರರ ಮಾಟ ಮಾಡ್ಯಾರಂತ ಅಂತಾರ. ನಿಮಗ ಏನರ ತಿಳಿತದೇನು ಅಂತ ಬಂದೀನಿ."

ಹೋದ ತಿಂಗಳು ಎಂದ. ನಾನು ಇವರ ಮುಖ ನೋಡಿದೆ. ಇವರು ಚಹಾ ಕುಡಿಯುತ್ತಿದ್ದವರು ಕಪ್ಪು ಕೆಳಗಿಟ್ಟು ಚಪ್ಪಲಿ ಹುಡುಕತೊಡಗಿದರು.

ಮೂವರೂ ನಡೆದು ಹೋದೆವು. ದಾರಿಯಲ್ಲಿ ನನಗೆ ನಿಂತು ನಿಂತು ಹೋಗಬೇಕಾಯಿತು, ಬಿಸಿಲು ಬಹಳ. ಹಳ್ಳ ದಾಟಿ ದಿನ್ನೆ ಏರಿದರೆ ದೊಡ್ಡಿ. ನಮ್ಮ ಅಂಗಳದಿಂದ ಅಷ್ಟು ಮೇಲೆ ಕಾಣುವ ಹೊಗೆ ಈ ದಿನ್ನೆಯ ಮಟ್ಟಕ್ಕೇ ಬರುತ್ತದೆ. ಅಲ್ಲಿ ಬಂದು ಇಳಿಯುತ್ತದೆ. ಜೋಳದ ದಂಟನ್ನು ಕೈಯಿಂದ ಒರೆಸಿ ಇವರು ಅಂಗೈ ನೋಡಿಕೊಂಡರು, ನನಗೂ ತೋರಿಸಿದರು.

ಗುಡಿಸಲ ಕಂಬಕ್ಕೆ ಒರಗಿ ಕೂತಿದ್ದಳು ಭೀಮವ್ವ. ನಮ್ಮ ಅಂಬವ್ವನಷ್ಟೇ ಇದ್ದಾಳೆ. ಎದೆಗೂಡಿನ ಕೆಳಗೆ ಚರ್ಮ ಒಳಗೆ ಎಳೆದುಕೊಂಡು ಹೋಗುತ್ತಿತ್ತು. ಎದೆಯ ಮೇಲೆ ಹಸಿ ಬರೆಗಳಿದ್ದವು.

ನಾನು ಬಗ್ಗುವುದರೊಳಗೆ ಇವರೇ ಕೂಸನ್ನು ಎತ್ತಿ ಹೆಗಲಿಗೆ ಹಾಕಿಕೊಂಡರು. "ನಡೀರಿ ದವಾಖಾನಿಗೆ," ಎಂದರು. ಅಮೋಘಸಿದ್ದ, "ಮಾಟ ಅಲ್ಲೇನ್ರಿ?" ಎಂದು ಕೇಳಿದ.

"ಅಲ್ಲ. ಇದು ನಮ್ಮ ಚಿಮಣಿ ಹೊಗಿ. ನಾವು ನಮ್ಮ ಮಕ್ಕಳ ಮ್ಯಾಗಿಂದ ತೆಗದು ನಿಮ್ಮ ಮಕ್ಕಳ ಮ್ಯಾಗ ಹಾಕೀವಿ."

ಇವರು ಹೀಗೆ ಮಾತಾಡುವುದನ್ನು ನಾನು ಕೇಳಿರಲಿಲ್ಲ.

೧೯೫೩ ಮಾರ್ಚ್ ೨೫, ಬುಧವಾರ

ಡಾಕ್ಟರು ಮೇಲಿನವರಿಗೆ ಬರೆದಿದ್ದಾರೆ. ಗುಲ್ಬರ್ಗಾದಿಂದ ಅಧಿಕಾರಿಯೊಬ್ಬರು ಬಂದು ನೋಡುತ್ತಾರಂತೆ. ಭೀಮವ್ವನನ್ನು ದವಾಖಾನೆಯ ಹಿಂದಿನ ಕೋಣೆಯಲ್ಲಿ ಇಟ್ಟುಕೊಂಡಿದ್ದಾರೆ. ಅತ್ತೆ ದಿನಾ ಹಾಲು ಒಯ್ಯುತ್ತಾರೆ. ಬರೆಗಳಿಗೆ ಬೆಣ್ಣೆ ಹಚ್ಚಿ ಬಂದೆ ಎಂದು ಹೇಳಿ, ಅಂಬವ್ವನನ್ನು ತೊಡೆಯ ಮೇಲೆ ಕೂರಿಸಿಕೊಂಡರು.

ಮ್ಯಾನೇಜರರು ಇವರಿಗೆ ಏನೋ ಹೇಳಿ ಕಳಿಸಿದ್ದಾರೆ. ಅಧಿಕಾರಿ ಕೇಳಿದರೆ ಮಾತು ಸಂಭಾಳಿಸಿ ಆಡಬೇಕೆಂದು. ಮನೆ ಹೋದರೆ? ಕೆಲಸ ಹೋದರೆ? ಇವರನ್ನು ಕೇಳಬೇಕೆಂದುಕೊಂಡು ಹತ್ತಿರ ಹೋದೆ, ಕೇಳದೆ ಬಂದೆ. ಕೇಳಿದರೆ ಹೆದರಿಸಿದ ಹಾಗಾಗುತ್ತದೆ.

೧೯೫೩ ಮಾರ್ಚ್ ೩೦, ಸೋಮವಾರ

ಅಧಿಕಾರಿ ಬಂದಿದ್ದರು. ಬಿಜಲಿ ಮನೆಯ ಅಂಗಳದಲ್ಲಿ ಕುರ್ಚಿ ಹಾಕಿದ್ದರು. ಗೋಡೆಯ ಈಚೆ ನಾನು, ಅತ್ತೆ ನಿಂತಿದ್ದೆವು, ಮಾತೆಲ್ಲ ಕೇಳಿಸುತ್ತಿತ್ತು. ಮ್ಯಾನೇಜರರು, ಚಿಮಣಿ ಎತ್ತರಿಸಿದ ಮೇಲೆ ಊರಿನಲ್ಲಿ ಒಂದು ತಕರಾರೂ ಇಲ್ಲ ಎಂದರು. ಅದು ನಿಜವೇ. ಅಧಿಕಾರಿ ಇವರನ್ನು ಕರೆದರು.

"ಬಸವಂತ್ರಾಯರ, ನೀವು ಬಾಯ್ಲರ್ ಮೇಸ್ತ್ರಿ. ಈ ಹೊಗಿಯಿಂದ ಈಗ ಯಾರಿಗಾದ್ರೂ ತೊಂದ್ರಿ ಅದ ಏನು?"

ಅತ್ತೆ ನನ್ನ ಮುಂಗೈ ಹಿಡಿದರು. ಅವರ ಉಗುರು ಚುಚ್ಚಿದ ಗುರುತು ಇನ್ನೂ ಇದೆ.

"ಅದರಿ. ಹಳ್ಳದಾಚೆ ದೊಡ್ಡಿ ಮ್ಯಾಲೆ ಇಳಿತದ. ನಾ ಹೋಗಿ ನೋಡೀನಿ. ಪುಡಿ ಇದ್ದಿಲು ಹಾಕೂದು ಬಿಡೂತನಕ, ಬೂದಿ ಹಿಡಿಯೂ ಕೋಣಿ ಕಟ್ಟೂತನಕ, ಚಿಮಣಿ ಎಷ್ಟು ಎತ್ತರ ಮಾಡಿದ್ರೂ ಎಲ್ಲ್ಯಾರ ಒಂದು ಕಡಿ ಇಳದ ಇಳಿತದ್ರಿ."

"ಅದು ನಿನಗ ಹ್ಯಾಂಗ ಗೊತ್ತು?" ಎಂದರು ಮ್ಯಾನೇಜರರು. ದನಿ ಏರಿತ್ತು.

"ನನ್ನ ಮಗಳ ಮ್ಯಾಗ ಇಳದಿತ್ತರಿ."

ಕುರ್ಚಿಗಳು ಸರಿದ ಸದ್ದು ಕೇಳಿಸಿತು.

೧೯೫೩ ಏಪ್ರಿಲ್ ೧೨, ಭಾನುವಾರ

ಬೂದಿ ಹಿಡಿಯುವ ಕೋಣೆ ಕಟ್ಟುವವರೆಗೆ ಎರಡನೇ ಬಾಯ್ಲರು ಬಂದ್ ಅಂತ ಹುಕುಂ ಬಂದಿದೆ. ಬಜಾರಿನವರು ದೀಪ ಹೋಯಿತೆಂದು ಇವರನ್ನು ಬಯ್ಯುತ್ತಾರೆ. ಕಂಪನಿ ಕೆಲಸದಿಂದ ತೆಗೆಯಲಿಲ್ಲ, ಮೇಸ್ತ್ರಿಗಿರಿ ತೆಗೆಯಿತು. ಮತ್ತೆ ಇದ್ದಿಲು ಎತ್ತುವ ಪಾಳಿ. ಕ್ವಾರ್ಟರ್ಸ್ ಖಾಲಿ ಮಾಡಿ ಕೋಟೆಯ ಕೆಳಗಿನ ಓಣಿಯಲ್ಲಿ ಒಂದು ಕೋಣೆ ಹಿಡಿದಿದ್ದೇವೆ. ಇಲ್ಲಿ ಕರೆಂಟಿಲ್ಲ. ಇವರು ಸಲಿಕೆ ಹಿಡಿಯುವ ಜಾಗ ರಾಜಾಸಾಬರದು ಎಂದು ನೆನೆದರೆ ನನಗೆ ನಿದ್ದೆ ಬರುವುದಿಲ್ಲ. ಬಾಯಿಗೆ ಒದ್ದೆ ಬಟ್ಟೆ ಕಟ್ಟಿಕೊಳ್ಳಿ ಎಂದು ದಿನಾ ಹೇಳುತ್ತೇನೆ. ಕಟ್ಟಿಕೊಳ್ಳುತ್ತಾರೋ ಇಲ್ಲವೋ.

೧೯೫೩ ಏಪ್ರಿಲ್ ೧೮, ಶನಿವಾರ

ಇವತ್ತು ಭೀಮವ್ವನನ್ನು ಮನೆಗೆ ಬಿಟ್ಟರು. ಅವಳನ್ನು ಕಳಿಸಿಕೊಡಲು ಇವರೂ ನಾನೂ ದವಾಖಾನೆಗೆ ಹೋಗಿದ್ದೆವು. ಅಪ್ಪನ ಹೆಗಲ ಮೇಲೆ ಕಂಬಳಿಯೊಳಗಿಂದ ಮುಖ ಹೊರಗೆ ಹಾಕಿ ನಮ್ಮನ್ನು ನೋಡುತ್ತಲೇ ಹೋದಳು. ಒಂದು ಸಲವೂ ಕೆಮ್ಮಲಿಲ್ಲ.

ನಾವೂ ಹೊರಡುವಾಗ ಡಾಕ್ಟರು, "ಅಕ್ಕೋರ, ನೀವು ಸ್ವಲ್ಪ ಕೂಡ್ರಿ," ಎಂದು ಬೆಂಚು ತೋರಿಸಿದರು. ನನ್ನ ಬೆನ್ನಿಗೆ ಕೊಳವೆ ಇಟ್ಟರು. ಉಸಿರು ಎಳೀರಿ, ಬಿಡ್ರಿ, ಮತ್ತೊಮ್ಮೆ ಎಳೀರಿ. ಎಷ್ಟು ದಿನದಿಂದ ಹೀಂಗದ ಎಂದರು. ಹೇಗೆ ಎಂದೆ. ನನಗೇನಾಗಿದೆ, ಕೂಸುಗಳ ಸಲುವಾಗಿ ನಿದ್ದೆಗೆಟ್ಟದ್ದು ಅಷ್ಟೇ, ಬೇಸಿಗೆ ರಜೆಯಲ್ಲಿ ರಂಗಂಪೇಟೆಗೆ ಹೋದರೆ ಸರಿಹೋಗುತ್ತದೆ ಎಂದು ಹೇಳಿದೆ. ಡಾಕ್ಟರು ತಲೆಯಾಡಿಸಿದರು. ಆಮೇಲೆ ಇವರನ್ನು ಹೊರಗೆ ಕರೆದುಕೊಂಡು ಹೋಗಿ ಬಹಳ ಹೊತ್ತು ಮಾತಾಡಿದರು. ಗಂಡಸರ ಮಾತು, ಬಾಯ್ಲರಿನ ವಿಚಾರವಿರಬೇಕು.

ಇವರು ತಿರುಗಿ ಬಂದವರೇ ನನ್ನ ಕೈಯಲ್ಲಿದ್ದ ಚೀಲ ತೆಗೆದುಕೊಂಡರು. ಬ್ಯಾಡ್ರಿ, ಹಗುರ ಅದ ಎಂದರೂ ಕೊಡಲಿಲ್ಲ. ಕೋಟೆಯ ಓಣಿ ಏರು ದಾರಿ. ಬೇವಿನ ಗಿಡದ ಹತ್ತಿರ ನನಗೆ ನಿಲ್ಲಬೇಕೆನ್ನಿಸುವ ಮೊದಲೇ ಇವರು ನಿಂತರು. ಮೆಟ್ಟಿಲ ಹತ್ತಿರವೂ ನಾನು ನಿಲ್ಲುವ ಮೊದಲೇ ನಿಂತರು. ನನ್ನ ಕಡೆ ನೋಡದೆ ಗುಡ್ಡ ನೋಡುತ್ತ ನಿಂತಿರುತ್ತಿದ್ದರು. ಇವರಿಗೂ ಇತ್ತೀಚೆಗೆ ಬಹಳ ದಣಿವಾಗುತ್ತಿದೆ ಅನ್ನಿಸುತ್ತದೆ.